ಜೋನಿಬೆಲ್ಲ, ಕುವೆಂಪು ಮತ್ತು ನಮ್ಮ ಮೊದಲ ಸೆಮಿಸ್ಟರ್

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕನ್ನಡ ಶಾಲೆಗಳಲ್ಲಿ ಓದಿದವರಿಗೆ ದ್ರವ್ಯದ ಸ್ಥಿತಿಗಳ ಪಾಠ ಕಷ್ಟ ಅನ್ನಿಸಿರಲಿಕ್ಕಿಲ್ಲ. ಘನ ಅಂದ್ರೆ ಅಚ್ಚುಬೆಲ್ಲ, ದ್ರವ ಅಂದ್ರೆ ಕಬ್ಬಿನಹಾಲು, ಆಲೆಮನೆ ಕೊಪ್ಪರಿಗೆಯಿಂದ ಹಾರಿಹೋಗೋ ನೀರು ಅನಿಲ. ತಕರಾರು ಇದ್ದದ್ದು ಜೋನಿಬೆಲ್ಲದ್ದು ಮಾತ್ರ: ಮೇಲೆ ಹರಿಯುತ್ತೆ, ಡಬ್ಬದ ತಳದಲ್ಲಿ ಹರಳುಗಟ್ಟಿರುತ್ತೆ. ಅದೇ ವಿಷಯ ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಬಂದಾಗ, ಗೊತ್ತಿದ್ದೂ ಬಾಯಿಬಿಡದೆ ಕೂತವರು ನಮ್ಮಲ್ಲಿ ಎಷ್ಟು ಜನ!

ಈ ಮೌನವನ್ನು ದೊಡ್ಡ ಸಮಸ್ಯೆ ಅಂತ ಕಂಡವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರೇ ಆದ ಕುವೆಂಪು. ಕವಿಯಾಗಿ ಅವರು ಎಲ್ಲರಿಗೂ ಗೊತ್ತು, ಇಲ್ಲಿ ಅದು ಬೇಡ.

1904ರಲ್ಲಿ ಹುಟ್ಟಿದ ಪುಟ್ಟಪ್ಪ ತೀರ್ಥಹಳ್ಳಿಯಲ್ಲಿ ಓದಿ ಹೈಸ್ಕೂಲಿಗೆ ಮೈಸೂರಿಗೆ ಹೋದರು. ಬರೆಯಲು ಶುರುಮಾಡಿದ್ದು ಇಂಗ್ಲಿಷಿನಲ್ಲಿ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಪದ್ಯಗಳನ್ನು ನೋಡಿ, ನಿನ್ನ ಭಾಷೆಯಲ್ಲಿ ಬರಿ ಅಂದಾಗ ಹುಡುಗನಿಗೆ ಬೇಸರವಾಯಿತು. ದೊಡ್ಡ ವಿಚಾರ ಹೇಳುವ ಶಕ್ತಿ ಕನ್ನಡಕ್ಕಿಲ್ಲ ಅಂತ ವಾದಿಸಿದರು. ಆಮೇಲೆ ಆದದ್ದೇ ಬೇರೆ.

1956ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾದರು. ಅಲ್ಲೇ ಓದಿದ ಪದವೀಧರರೊಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಕಾಲೇಜಿನಲ್ಲೂ ಕನ್ನಡದಲ್ಲಿ ಪಾಠ ಆಗಲಿ, ವಿಜ್ಞಾನವೂ ಆಗಲಿ ಅಂತ ಹೊರಟಾಗ, ತಾವೇ ಹುಡುಗನಾಗಿದ್ದಾಗ ಆಡಿದ್ದ ವಾದ ಈಗ ಎದುರಿನಿಂದ ಬಂತು: ಪದಗಳಿಲ್ಲ, ಪುಸ್ತಕಗಳಿಲ್ಲ. ಪುಸ್ತಕ ಇಲ್ಲ ಅಂತ ಪಾಠ ಇಲ್ಲ, ಪಾಠ ಇಲ್ಲ ಅಂತ ಪುಸ್ತಕ ಬರೆಯೋರಿಲ್ಲ. ಕುವೆಂಪು ಈ ಸುತ್ತನ್ನು ಪುಸ್ತಕದ ಕಡೆಯಿಂದ ಮುರಿದರು. ಅಧ್ಯಾಪಕರ ಬೆನ್ನುಹತ್ತಿ ಪಠ್ಯ ಬರೆಸಿದರು, ಪ್ರಸಾರಾಂಗದಿಂದ ಅಚ್ಚು ಹಾಕಿಸಿದರು. ಇಂಗ್ಲಿಷನ್ನು ಓಡಿಸಬೇಕು ಅಂತ ಅವರೇನೂ ಹೇಳಲಿಲ್ಲ. ಅದನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಿ, ಮಾಧ್ಯಮವಾಗಿ ಹೇರಬೇಡಿ ಅನ್ನೋದು ಅವರ ನಿಲುವು. ಇದನ್ನು ಇಂಗ್ಲಿಷ್ ದ್ವೇಷ ಅಂತ ಈಗಲೂ ತಪ್ಪು ತಿಳಿಯುವವರಿದ್ದಾರೆ.

1960ರಲ್ಲಿ ನಿವೃತ್ತರಾದರು. ಶಾಲೆಯಲ್ಲಿ ಕನ್ನಡದ ವಿಜ್ಞಾನ ಉಳಿಯಿತು. ಎಂಜಿನಿಯರಿಂಗ್ ತರಗತಿಯವರೆಗೆ ಅದು ಏರಿ ಬರಲಿಲ್ಲ. ನಾವು ಈಗ ಎಡವುತ್ತಿರೋದು ಆ ಅರ್ಧಕ್ಕೇ ನಿಂತ ಮೆಟ್ಟಿಲಲ್ಲಿ.

1994ರ ನವೆಂಬರ್ 11ರಂದು ಅವರು ಮೈಸೂರಿನಲ್ಲಿ ತೀರಿಕೊಂಡರು. ಸಮಾಧಿ ಇರುವುದು ಕುಪ್ಪಳಿಯ ಕವಿಶೈಲದಲ್ಲಿ. ರಜೆಯಲ್ಲಿ ಬೆಳಗಿನ ಜಾವ ಹತ್ತಿ ನೋಡಿ, ಕಣಿವೆಯಲ್ಲಿ ಮಂಜು ತುಂಬಿರುತ್ತೆ. ಜೊತೆಗೆ ಬಂದವರು ಅದನ್ನು ಅನಿಲ ಅಂದ್ರೆ ಒಪ್ಪಬೇಡಿ. ಸಣ್ಣ ಸಣ್ಣ ನೀರಿನ ಹನಿ, ದ್ರವವೇ.