ಸ್ಕ್ಯಾನ್ ಇಲ್ಲದ ಕಾಲದ ಮೆದುಳಿನ ವೈದ್ಯ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಳೆದ ವರ್ಷ ಗೆಳೆಯನೊಬ್ಬ ನನ್ನ ಪಕ್ಕ ಕೂತಿದ್ದ. ತೊಡೆಯ ಮೇಲೆ ದೊಡ್ಡದೊಂದು ಕವರ್. ಅದರೊಳಗೆ ಅವನದೇ ಮೆದುಳಿನ ಎಂಆರ್‌ಐ. ಮೂರು ವರ್ಷದಿಂದ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿದ್ದವನು ನಾಲ್ಕು ತಿಂಗಳಿಂದ ಪುಸ್ತಕ ಮುಟ್ಟಿರಲಿಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲು ಹಾಸಿಗೆ ಬಿಟ್ಟು ಏಳುವುದಿಲ್ಲ, ಯಾರ ಫೋನನ್ನೂ ಎತ್ತುವುದಿಲ್ಲ. ಮನೆಯವರು ಕೈಗಡ ಮಾಡಿ ಸ್ಕ್ಯಾನ್ ಮಾಡಿಸಿದ್ದರು. ರಿಪೋರ್ಟ್ ನಾರ್ಮಲ್ ಬಂತು. ಅಂದಿನಿಂದ ಮನೆಯಲ್ಲಿ ಅವನು ಸೋಮಾರಿ. ಚಿತ್ರದಲ್ಲಿ ಕಾಣದ ಮೇಲೆ ಕಾಯಿಲೆ ಎಲ್ಲಿಂದ ಬಂತು ಎಂಬುದು ಅವರ ಲೆಕ್ಕ.

ಆ ಕವರನ್ನು ನೋಡುತ್ತ ನನಗೆ ನೆನಪಾದವರು ಡಾ. ಎಂ.ವಿ. ಗೋವಿಂದಸ್ವಾಮಿ. ನಾನು ಪದವಿಯಲ್ಲಿ ಮನಃಶಾಸ್ತ್ರ ಓದಿದವನು. ಪಠ್ಯದಲ್ಲಿ ಫ್ರಾಯ್ಡ್ ಇದ್ದ, ಪಾವ್ಲೋವ್ ಇದ್ದ, ಪಾವ್ಲೋವನ ನಾಯಿಯೂ ಇತ್ತು. ಬೆಂಗಳೂರಿನ ಈ ವೈದ್ಯರ ಬಗ್ಗೆ ಒಂದು ಸಾಲೂ ಇರಲಿಲ್ಲ. ಇವತ್ತು ನಾವು ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯ ಹಿಂದೆ ಇರುವುದು ಮುಖ್ಯವಾಗಿ ಅವರ ದುಡಿಮೆ.

ಆ ಆಸ್ಪತ್ರೆಯ ಕಥೆ 1847ರಷ್ಟು ಹಳೆಯದು. ಬೆಂಗಳೂರು ಪೇಟೆಯ ಹುಚ್ಚಾಸ್ಪತ್ರೆಯಾಗಿ ಅದು ಶುರುವಾಯಿತು. 1925ರಲ್ಲಿ ಹುಚ್ಚು ಎಂಬ ಪದ ತೆಗೆದು ಮಾನಸಿಕ ಆಸ್ಪತ್ರೆ ಎಂದು ಹೆಸರಿಟ್ಟರು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿಯಿತು, ಈಗಲೂ ಉಳಿದಿದೆ. 1930ರ ದಶಕದಲ್ಲಿ ಆಸ್ಪತ್ರೆ ಹೊಸೂರು ರಸ್ತೆಯ ವಿಶಾಲವಾದ ಜಾಗಕ್ಕೆ ಬಂತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲ ಅದು. ನಮ್ಮ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ತಲೆ ಎತ್ತಿದ್ದೂ ಅದೇ ಹೊತ್ತಿಗೆ, 1936ರಲ್ಲಿ. ಕಾಗದಕ್ಕೊಂದು ಕಾರ್ಖಾನೆ, ಕಬ್ಬಿಣಕ್ಕೊಂದು ಕಾರ್ಖಾನೆ ಎಂದು ಯೋಚಿಸುತ್ತಿದ್ದ ರಾಜ್ಯ ಮನಸ್ಸು ಕೆಟ್ಟವರಿಗೂ ಒಂದು ಒಳ್ಳೆಯ ಜಾಗ ಬೇಕು ಎಂದುಕೊಂಡಿತ್ತು. ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಆಸ್ಪತ್ರೆಯ ಮುಂದೆ ಮಾತ್ರ ಬೆಳಿಗ್ಗೆಯೇ ಸಾಲು.

ಆ ದಶಕದ ಕೊನೆಯಲ್ಲಿ ಡಾ. ಫ್ರಾಂಕ್ ನೊರೊನ್ಹಾ ಅವರ ನಂತರ ಗೋವಿಂದಸ್ವಾಮಿ ಆಸ್ಪತ್ರೆಯ ಮುಖ್ಯಸ್ಥರಾದರು. ಅವರು ಮನಃಶಾಸ್ತ್ರವನ್ನೂ ಓದಿದ್ದರು, ವೈದ್ಯಶಾಸ್ತ್ರವನ್ನೂ ಓದಿದ್ದರು. ಮನೋವೈದ್ಯದ ತರಬೇತಿಗೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಗೂ ಹೋಗಿ ಬಂದಿದ್ದರು. ಮನಸ್ಸನ್ನು ಒಬ್ಬರು ನೋಡುವುದು, ಮೆದುಳನ್ನು ಇನ್ನೊಬ್ಬರು ನೋಡುವುದು ಎಂಬ ಪಾಲುಪಟ್ಟಿ ಅವರಿಗೆ ಒಗ್ಗುತ್ತಿರಲಿಲ್ಲ. ಅವರ ಮುಂದಿನ ಕೆಲಸವೆಲ್ಲ ಇದನ್ನೇ ಹೇಳುತ್ತದೆ.

ಆಗ ಬದುಕಿರುವ ಮನುಷ್ಯನ ಮೆದುಳನ್ನು ನೋಡುವ ದಾರಿ ಏನಿತ್ತು? ಎಕ್ಸ್-ರೇಯಲ್ಲಿ ತಲೆಬುರುಡೆಯ ಮೂಳೆ ಕಾಣುತ್ತದೆ, ಮೆದುಳು ಕಾಣುವುದಿಲ್ಲ. ಬೆನ್ನಿನ ಮೂಲಕ ದ್ರವ ತೆಗೆದು ಅಲ್ಲಿಗೆ ಗಾಳಿ ತುಂಬಿ ಎಕ್ಸ್-ರೇ ತೆಗೆಯುವ ಒಂದು ವಿಧಾನವಿತ್ತು. ಮೆದುಳಿನೊಳಗಿನ ಖಾಲಿ ಜಾಗಗಳ ನೆರಳು ಮೂಡುತ್ತಿತ್ತು ನಿಜ, ಆದರೆ ರೋಗಿಗೆ ವಿಪರೀತ ತಲೆನೋವು, ವಾಂತಿ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ ತಲೆಯ ಮೇಲೆ ತಂತಿ ಇಟ್ಟು ಮೆದುಳಿನ ವಿದ್ಯುತ್ ಅಲೆಗಳನ್ನು ಕಾಗದದ ಮೇಲೆ ಬರೆಸಿದ್ದನ್ನು 1929ರಲ್ಲಿ ಪ್ರಕಟಿಸಿದ್ದರು. ಸಿಟಿ ಸ್ಕ್ಯಾನ್ ಬರಲು 1971 ಆಗಬೇಕಿತ್ತು, ಎಂಆರ್‌ಐ ಅದಕ್ಕೂ ಆಮೇಲೆ. ಅಂದರೆ ಗೋವಿಂದಸ್ವಾಮಿಯವರ ಕೆಲಸವೆಲ್ಲ ನಡೆದದ್ದು ಕತ್ತಲೆಯಲ್ಲಿ ಕೈಯಾಡಿಸಿದಂತೆ.

ಔಷಧಿಯೂ ಇರಲಿಲ್ಲ. ಸ್ಕಿಜೋಫ್ರೇನಿಯಾಕ್ಕೆ ಕೆಲಸ ಮಾಡುವ ಮೊದಲ ಮಾತ್ರೆ ಬಂದದ್ದು 1950ರ ದಶಕದಲ್ಲಿ. ಅಲ್ಲಿಯವರೆಗೆ ಜಗತ್ತಿನ ಎಲ್ಲ ಮಾನಸಿಕ ಆಸ್ಪತ್ರೆಗಳೂ ಏನೇನೋ ಮಾಡಿ ನೋಡುತ್ತಿದ್ದವು. ಕಾರ್ಡಿಯಜೋಲ್ ಚುಚ್ಚಿ ಫಿಟ್ಸ್ ಬರಿಸುವುದು, ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸಿ ಮತ್ತೆ ಎಚ್ಚರಿಸುವುದು, ಆಮೇಲೆ ಕರೆಂಟ್ ಚಿಕಿತ್ಸೆ. ಯುರೋಪಿನಲ್ಲಿ ಶುರುವಾದ ಕೆಲವೇ ವರ್ಷಗಳಲ್ಲಿ ಇವೆಲ್ಲ ಬೆಂಗಳೂರಿಗೂ ಬಂದವು.

ಅವರ ಬದುಕಿನಲ್ಲಿ ನನ್ನನ್ನು ನಿಲ್ಲಿಸಿದ ಪುಟ ಲ್ಯೂಕಾಟಮಿಯದು. ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಅದು. ಪೋರ್ಚುಗಲ್‌ನ ಎಗಾಸ್ ಮೊನಿಜ್ 1935ರಲ್ಲಿ ಶುರುಮಾಡಿದರು, 1949ರಲ್ಲಿ ಅದಕ್ಕೆ ನೊಬೆಲ್ ಕೂಡ ಬಂತು. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಡಾ. ಬಿ.ಎನ್. ಬಾಲಕೃಷ್ಣ ರಾವ್ ಸೇರಿ ಭಾರತದ ರೋಗಿಗಳ ಮೇಲೆ ಇದನ್ನು ಮಾಡಿ, 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡನೇ ಮಹಾಯುದ್ಧದ ನಡುವೆ ಬೆಂಗಳೂರಿನ ಆಸ್ಪತ್ರೆಯೊಂದರ ಕೆಲಸ ಲ್ಯಾನ್ಸೆಟ್‌ನಲ್ಲಿ ಬಂತು ಎಂದರೆ ಮೊದಲು ಹೆಮ್ಮೆಯೇ ಆಗುತ್ತದೆ. ಮರುಕ್ಷಣ ಬೇರೆ ಪ್ರಶ್ನೆ ಬರುತ್ತದೆ. ಮಂಚದ ಮೇಲೆ ಮಲಗಿದವರನ್ನು ಯಾರು ಕೇಳಿದರು? ಕಣ್ಣಿಗೆ ಕಾಣದ ಜಾಗದಲ್ಲಿ ಕತ್ತರಿ ಆಡಿಸುವ ಆ ಚಿಕಿತ್ಸೆಯನ್ನು ವೈದ್ಯಲೋಕ ಆಮೇಲೆ ಕೈಬಿಟ್ಟಿತು. ಎಷ್ಟೋ ದೇಶಗಳಲ್ಲಿ ರೋಗಿಗಳು ಶಾಂತರಾದರು, ಆದರೆ ಮೊದಲಿನ ಮನುಷ್ಯರಾಗಿ ಉಳಿಯಲಿಲ್ಲ. ಗೋವಿಂದಸ್ವಾಮಿಯವರನ್ನು ಇದಕ್ಕಾಗಿ ಬೈಯುವುದು ಇಂದು ಸುಲಭ. ಆ ಕಾಲದಲ್ಲಿ ಅವರ ಕೈಯಲ್ಲಿದ್ದ ಇನ್ನೊಂದು ದಾರಿ ಎಂದರೆ ಬಾಗಿಲಿಗೆ ಬೀಗ. ಆದರೂ ಹೊಗಳುವ ಭರದಲ್ಲಿ ಈ ಪುಟವನ್ನು ಹಾರಿಸಿ ಓದಬಾರದು ಎಂದು ನನಗನ್ನಿಸುತ್ತದೆ.

ಇದೇ ಮನುಷ್ಯ ಭಾರತೀಯ ದರ್ಶನಗಳನ್ನು, ಆಯುರ್ವೇದವನ್ನು ಓದಿ, ಮನೋವೈದ್ಯಕ್ಕೆ ಬೇಕಾದದ್ದು ಅಲ್ಲೇನಿದೆ ಎಂದು ಸಂಶೋಧನೆ ನಡೆಯಬೇಕು ಎಂದು ಬರೆದವರು. ಒಂದು ಕಡೆ ಕತ್ತರಿ, ಇನ್ನೊಂದು ಕಡೆ ಸಂಸ್ಕೃತ ಗ್ರಂಥ. ವಿಚಿತ್ರ ಅನ್ನಿಸಬಹುದು. ಉತ್ತರ ಎಲ್ಲಿ ಸಿಕ್ಕರೂ ಸರಿ ಎಂದು ಹುಡುಕುತ್ತಿದ್ದವರಿಗೆ ಅದು ವಿಚಿತ್ರ ಅನ್ನಿಸಿರಲಿಕ್ಕಿಲ್ಲ.

1946ರ ಭೋರ್ ಸಮಿತಿ ದೇಶದ ಮಾನಸಿಕ ಆರೋಗ್ಯದ ಸ್ಥಿತಿ ನೋಡಿ ತಜ್ಞರನ್ನು ತಯಾರು ಮಾಡುವ ಸಂಸ್ಥೆ ಬೇಕು ಎಂದಿತ್ತು. ಬೆಂಗಳೂರಿನ ಆಸ್ಪತ್ರೆಯ ಜೊತೆಗೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಮೊದಲ ನಿರ್ದೇಶಕರು ಗೋವಿಂದಸ್ವಾಮಿ. 1955ರಲ್ಲಿ ತರಗತಿಗಳು ಶುರುವಾದವು. ವೈದ್ಯರಿಗೆ ಮಾತ್ರ ಅಲ್ಲ, ಮನಃಶಾಸ್ತ್ರ ಓದಿದವರಿಗೂ ಅಲ್ಲಿ ಡಿಪ್ಲೊಮಾ ಇತ್ತು. ಆಮೇಲೆ ನರ್ಸ್‌ಗಳಿಗೂ ಕೋರ್ಸ್ ಬಂತು. 1958ರಲ್ಲಿ ನರಶಸ್ತ್ರವೈದ್ಯ ಡಾ. ಆರ್. ಮಾರ್ತಾಂಡ ವರ್ಮ ಸೇರಿದರು. ರೋಗಿಯ ಮಾತು ಕೇಳುವವರು, ಮೆದುಳಿಗೆ ಶಸ್ತ್ರಚಿಕಿತ್ಸೆ ಮಾಡುವವರು, ಆರೈಕೆ ಮಾಡುವವರು ಒಂದೇ ಆವರಣದಲ್ಲಿ. ಬಿ.ಎ. ಮನಃಶಾಸ್ತ್ರ ಮಾಡಿ ಮುಂದೇನು ಎಂದು ಕೂತವರಿಗೆ ಇವತ್ತು ಕ್ಲಿನಿಕಲ್ ಸೈಕಾಲಜಿ ಎಂಬ ದಾರಿ ಇದ್ದರೆ ಅದರ ಮೊದಲ ಕಾಲುಹಾದಿಗಳಲ್ಲಿ ಒಂದು ಇಲ್ಲಿ ಬಿದ್ದದ್ದು.

1961ರಲ್ಲಿ ಅವರು ತೀರಿಕೊಂಡರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆದದ್ದನ್ನು ಅವರು ನೋಡಲಿಲ್ಲ. ಅಲ್ಲೀಗ ಎಂಆರ್‌ಐ ಯಂತ್ರಗಳಿವೆ, ಮೆದುಳಿನ ಚಿತ್ರಗಳ ಮೇಲೆಯೇ ಸಂಶೋಧನೆ ಮಾಡುವ ಮನೋವೈದ್ಯರಿದ್ದಾರೆ. ನಮ್ಮ ಜಿಲ್ಲೆಗೂ ಆ ಸಂಸ್ಥೆ ಬಂದಿದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಚಿಕಿತ್ಸೆಯೇ ಸಿಗದೆ ಇದ್ದ ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿ, ಊರಲ್ಲೇ ಔಷಧಿ ಕೊಟ್ಟು, ವರ್ಷಗಟ್ಟಲೆ ಅವರ ಬೆನ್ನಿಗೆ ನಿಂತು ನಿಮ್ಹಾನ್ಸ್ ಅಧ್ಯಯನ ಮಾಡಿದೆ.

ಇಷ್ಟೆಲ್ಲ ಆದರೂ ಖಿನ್ನತೆ ಇದೆಯೇ ಇಲ್ಲವೇ ಎಂದು ಹೇಳುವ ಸ್ಕ್ಯಾನ್ ಇನ್ನೂ ಬಂದಿಲ್ಲ. ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯು ಇಂಥವು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ವೈದ್ಯರು ಎಂಆರ್‌ಐ ಬರೆದುಕೊಡುತ್ತಾರೆ. ಖಿನ್ನತೆಯನ್ನು ಕಂಡುಹಿಡಿಯುವುದು ಈಗಲೂ ರೋಗಿಯ ಎದುರು ಕೂತು, ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಸಾಯಬೇಕು ಅನ್ನಿಸಿದೆಯೇ ಎಂದು ಕೇಳಿಯೇ. ಇಷ್ಟರಮಟ್ಟಿಗೆ ಇವತ್ತಿನ ಮನೋವೈದ್ಯರೂ ಗೋವಿಂದಸ್ವಾಮಿಯವರು ಕೂರುತ್ತಿದ್ದ ಕುರ್ಚಿಯಲ್ಲೇ ಕೂತಿದ್ದಾರೆ.

ಅವತ್ತು ಬಸ್ಸಿನಲ್ಲಿ ಇದನ್ನೆಲ್ಲ ಗೆಳೆಯನಿಗೆ ಹೇಳಲು ಆಗಲಿಲ್ಲ. ನಾರ್ಮಲ್ ಎಂದರೆ ಗಡ್ಡೆ ಇಲ್ಲ ಅಂತ ಅರ್ಥ, ಕಾಯಿಲೆ ಇಲ್ಲ ಅಂತಲ್ಲ ಎಂದಷ್ಟೇ ಹೇಳಿದೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿಯ 14416 ನಂಬರನ್ನು ಅವನ ಫೋನಿನಲ್ಲಿ ಸೇವ್ ಮಾಡಿಕೊಟ್ಟೆ. ಬಸ್ಸಿಳಿದ ಮೇಲೆ ಇಬ್ಬರೂ ಮನೋವೈದ್ಯರ ಹೊರರೋಗಿ ವಿಭಾಗಕ್ಕೆ ಹೋಗಿ ಚೀಟಿ ಮಾಡಿಸಿದೆವು. ನಮ್ಮ ಸರದಿ ಬರುವಾಗ ಮಧ್ಯಾಹ್ನ ಒಂದಾಗಿತ್ತು. ವೈದ್ಯರು ಕವರನ್ನು ಮೇಜಿನ ಪಕ್ಕಕ್ಕೆ ಸರಿಸಿ, ಕುರ್ಚಿ ಎಳೆದುಕೊಂಡು, ಎಷ್ಟು ದಿನದಿಂದ ನಿದ್ದೆ ಬಂದಿಲ್ಲ ಎಂದು ಕೇಳಿದರು.