ಅಕ್ಷರಗಳನ್ನು ಎಣಿಸಿದವನು

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಸೋದರಳಿಯನೊಡನೆ ಸ್ಕ್ರ್ಯಾಬಲ್ ಆಡುತ್ತಿದ್ದೆ. ಅವನು ಝೆಡ್, ಎ, ಎಕ್ಸ್ ಎಂಬ ಮೂರು ಬಿಲ್ಲೆಗಳನ್ನು ಸಾಲಾಗಿಟ್ಟು 19 ಅಂಕಗಳನ್ನು ಕೇಳಿದ. ಮೂವತ್ತು ವರ್ಷ ಇಂಗ್ಲಿಷ್ ಬೋಧಿಸಿದ ನಾನು ಅಂಥ ಪದವೇ ಇಲ್ಲವೆಂದು ವಾದಿಸಿದೆ. ನಿಘಂಟನ್ನು ತೆರೆದಾಗ ತಲೆ ತಗ್ಗಿಸಬೇಕಾಯಿತು. ಮನೆಯ ಮಾಡಿಗೆ ಹೊದಿಸುವ ತೆಳುಗಲ್ಲನ್ನು ಕತ್ತರಿಸುವ ಹತಾರಕ್ಕೆ ‘ಝ್ಯಾಕ್ಸ್’ ಎಂದು ಹೆಸರಂತೆ.

ಪೆಟ್ಟುತಿಂದ ಆ ಅಭಿಮಾನವೇ ಈ ಆಟವನ್ನು ರಚಿಸಿದವನ ಚರಿತ್ರೆಯ ಕಡೆಗೆ ನನ್ನನ್ನು ಕರೆದೊಯ್ದಿತು. ಆತ ಯಾರೋ ಮಹಾ ಶಬ್ದಪಂಡಿತನಿರಬೇಕೆಂದು ನಾನು ಊಹಿಸಿದ್ದೆ. ಆದರೆ ಆಲ್‌ಫ್ರೆಡ್ ಮೋಷರ್ ಬಟ್ಸ್ ವೃತ್ತಿಯಿಂದ ವಾಸ್ತುಶಿಲ್ಪಿ. ಕಾಗುಣಿತದಲ್ಲಿಯಂತೂ ತೀರ ಸಾಮಾನ್ಯ. ಶಾಲಾಶಿಕ್ಷಕಿಯಾಗಿದ್ದ ಆತನ ಪತ್ನಿ ನೀನಾ ಈ ಆಟದಲ್ಲಿ ಆತನನ್ನು ಎಷ್ಟೋ ಬಾರಿ ಸೋಲಿಸುತ್ತಿದ್ದಳು.

ಬಟ್ಸ್ ಹುಟ್ಟಿದ್ದು 1899ರಲ್ಲಿ, ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ. ಅಮೆರಿಕವನ್ನು ಆರ್ಥಿಕ ಮುಗ್ಗಟ್ಟು ಆವರಿಸಿದಾಗ ಕಟ್ಟಡಗಳನ್ನು ಕಟ್ಟಿಸುವವರೇ ಇಲ್ಲವಾದರು. 1931ರಲ್ಲಿ ಆತನ ಉದ್ಯೋಗ ಹೋಯಿತು. ಕೈಗೆ ಕೆಲಸವಿಲ್ಲದ ಆ ದಿನಗಳಲ್ಲಿ ಅದೃಷ್ಟಕ್ಕೂ ಜಾಣ್ಮೆಗೂ ಸಮಪಾಲಿರುವ ಪದಗಳ ಆಟವೊಂದನ್ನು ರಚಿಸಲು ಆತ ಸಂಕಲ್ಪಿಸಿದ. ಹೆಚ್ಚು ಬಾರಿ ಬರುವ ಅಕ್ಷರಗಳ ಜಾಡು ಹಿಡಿದು ಗೂಢಲಿಪಿಯನ್ನು ಬಿಡಿಸುವ ಪ್ರಸಂಗ ಎಡ್ಗರ್ ಅಲನ್ ಪೋನ ಕಥೆಯೊಂದರಲ್ಲಿದೆ. ಅದನ್ನು ನೆನೆದು ಬಟ್ಸ್ ವೃತ್ತಪತ್ರಿಕೆಗಳ ಮುಖಪುಟಗಳನ್ನು ಹರಡಿಕೊಂಡು ಒಂದೊಂದೇ ಅಕ್ಷರವನ್ನು ಎಣಿಸತೊಡಗಿದ.

ಇಂದಿಗೂ ನಾವು ಆಡುವುದು ಆ ಎಣಿಕೆಯ ಫಲವನ್ನೇ. ನೂರು ಬಿಲ್ಲೆಗಳಲ್ಲಿ ‘ಇ’ ಅಕ್ಷರದವು 12, ಬೆಲೆ ಒಂದೊಂದೇ ಅಂಕ. ‘ಕ್ಯೂ’ ಮತ್ತು ‘ಝೆಡ್’ ಒಂದೊಂದೇ ಬಿಲ್ಲೆ, ಬೆಲೆ ಹತ್ತು ಹತ್ತು. ಬಹುವಚನ ಮಾಡಿ ಸುಲಭವಾಗಿ ಅಂಕ ಗಳಿಸದಿರಲೆಂದು ‘ಎಸ್’ ಬಿಲ್ಲೆಗಳನ್ನು ಬೇಕೆಂದೇ ನಾಲ್ಕಕ್ಕೆ ಇಳಿಸಿದ.

ಆಟವಾಡಿದ ಸ್ನೇಹಿತರು ಮೆಚ್ಚಿದರು. ದೊಡ್ಡ ದೊಡ್ಡ ಆಟಿಕೆಯ ಕಂಪನಿಗಳು ಮಾತ್ರ ಒಲ್ಲೆವೆಂದವು. ಮುಂದೆ ಉದ್ಯೋಗ ಮರಳಿ ದೊರೆತರೂ ಬಟ್ಸ್ ಆಟವನ್ನು ಕೈಬಿಡಲಿಲ್ಲ. 1938ರಲ್ಲಿ ಅದಕ್ಕೆ ಮನೆಗಳುಳ್ಳ ಹಲಗೆಯನ್ನು ಕೂಡಿಸಿದ. 1948ರಲ್ಲಿ ಜೇಮ್ಸ್ ಬ್ರೂನೊ ಎಂಬಾತ ಹಕ್ಕನ್ನು ಪಡೆದು ಸ್ಕ್ರ್ಯಾಬಲ್ ಎಂದು ಹೆಸರಿಟ್ಟ. ಮರುವರ್ಷ 2,400 ಪೆಟ್ಟಿಗೆಗಳನ್ನು ತಯಾರಿಸಿ 450 ಡಾಲರ್ ಕಳೆದುಕೊಂಡ. 1952ರಲ್ಲಿ ನ್ಯೂಯಾರ್ಕಿನ ಮೇಸಿ ಮಳಿಗೆಯವರು ಪೆಟ್ಟಿಗೆಗಳನ್ನು ತರಿಸಿಕೊಂಡ ಮೇಲೆ ಬೇಡಿಕೆಯನ್ನು ಪೂರೈಸುವುದೇ ಕಷ್ಟವಾಯಿತು. ಬಟ್ಸನಿಗೆ ದಕ್ಕಿದ್ದು ಪೆಟ್ಟಿಗೆಯೊಂದಕ್ಕೆ ಕೆಲವೇ ಸೆಂಟು ಗೌರವಧನ. ಅದರಲ್ಲೇ ಆತ ತೃಪ್ತನಾಗಿದ್ದ. 1993ರ ಏಪ್ರಿಲ್ 4ರಂದು, ತನ್ನ 93ನೆಯ ವಯಸ್ಸಿನಲ್ಲಿ ತೀರಿಕೊಂಡ.

ಈಗ ನಾನೂ ಅಪರೂಪದ ಪದಗಳನ್ನು ಕಲೆಹಾಕುತ್ತಿದ್ದೇನೆ. ಸ್ವರಾಕ್ಷರವೊಂದೂ ಇಲ್ಲದೆ ಸಿ, ಡಬ್ಲ್ಯೂ, ಎಂ ಎಂದು ಬರೆಯುವ ‘ಕೂಮ್’ ವೇಲ್ಸ್ ನಾಡಿನ ಕಣಿವೆ. ಎರಡೇ ‘ಎ’ಗಳ ಪದ ಹವಾಯಿ ದ್ವೀಪದ ಒರಟು ಲಾವಾ. ಹತ್ತು ಅಂಕದ ‘ಕ್ಯೂ’ ಬಿಲ್ಲೆಗೆ ‘ಐ’ ಸೇರಿದರೆ ಚೀನೀಯರ ಪ್ರಾಣಶಕ್ತಿ. ನಮ್ಮ ಘಾಟ್, ರೋಟಿ, ಲಾಖ್‌ಗಳಿಗೂ ಆ ಹಲಗೆಯ ಮೇಲೆ ಪ್ರವೇಶವುಂಟು. ಬೆಂಗಳೂರಿನಲ್ಲಿ ಕುಳಿತ ನನಗೆ ‘ಕೂಮ್’ ವಿಚಿತ್ರ. ವೇಲ್ಸಿನ ಕುರುಬನಿಗೆ ಅದು ಕುರಿ ಮೇಯಿಸುವ ಜಾಗ. ‘ಲಾಖ್’ ಅವನಿಗೆ ವಿಚಿತ್ರ. ನಮಗೆ ಸಂತೆಯ ಲೆಕ್ಕ.

ಅಪರೂಪವೆಂಬುದು ಪದದಲ್ಲಿಲ್ಲ, ಕೇಳುವವನ ಕಿವಿಯಲ್ಲಿದೆ. ಮೂವತ್ತು ವರ್ಷ ತರಗತಿಯಲ್ಲಿ, ನಾನರಿಯದ ಪದವನ್ನಾಡಿದ ಎಷ್ಟು ಹುಡುಗರನ್ನು ತಿದ್ದಿ ಕೂರಿಸಿದೆನೋ! ಝ್ಯಾಕ್ಸ್ ನನಗೆ ಹೊಸತಾಗಿತ್ತು. ಮಾಡು ಹೊದಿಸುವ ಕೆಲಸಗಾರನ ಅಂಗೈಗೆ ಅದರ ಹಿಡಿ ಎಂದೋ ಪರಿಚಿತ. ಸೋದರಳಿಯನಿಗೆ ಆ 19 ಅಂಕಗಳನ್ನು ಸಂತೋಷದಿಂದಲೇ ಬರೆದುಕೊಟ್ಟೆ.