ಜನಗಾಯಕ ವುಡಿ ಗತ್ರಿಯವರು

ಗಾಯಕರ ಚರಿತ್ರೆಯು ಸಾಮಾನ್ಯವಾಗಿ ಅವರ ಕಂಠದೊಡನೆಯೇ ಮುಗಿಯುತ್ತದೆ. ಅಮೇರಿಕದ ಜನಗಾಯಕರಾದ ವುಡಿ ಗತ್ರಿಯವರ ಚರಿತ್ರೆಯಾದರೋ ಅವರ ಕಂಠವು ಉಡುಗಿ, ದೇಹವು ಮಣ್ಣುಗೂಡಿದ ಮೇಲೆಯೂ ಮುಂದುವರಿದು, ಸಾವಿರಾರು ಮನೆತನಗಳಿಗೆ ಆಸರೆಯಾಯಿತು. ಇಂಥ ಚರಿತ್ರೆಯನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದೇ ನಾವು ಭಾವಿಸುತ್ತೇವೆ.

ಗತ್ರಿಯವರು 1912ನೆಯ ಇಸವಿ ಜುಲೈ 14ರಂದು ಓಕ್ಲಹೋಮಾ ಸಂಸ್ಥಾನದ ಒಕೀಮಾ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಹಳೆಯ ಲಾವಣಿಗಳನ್ನು ಅವರು ಮೊದಲು ಕೇಳಿದ್ದು ತಾಯಿಯ ಬಾಯಿಂದ. ಆದರೆ ಆ ತಾಯಿಯ ನಡೆನುಡಿಗಳು ವರ್ಷದಿಂದ ವರ್ಷಕ್ಕೆ ವಿಪರೀತವಾಗತೊಡಗಿದವು. ಕೈಕಾಲುಗಳು ಮನಸ್ಸಿನ ಅಂಕೆಗೆ ನಿಲ್ಲದಾದವು. ಊರವರು ಆಕೆಗೆ ಹುಚ್ಚು ಹಿಡಿದಿದೆಯೆಂದರು. 1927ರಲ್ಲಿ ಆಕೆಯನ್ನು ನಾರ್ಮನ್ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1930ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡರು. ಮನೆಯು ಒಡೆಯಿತು, ಬಾಲಕನು ಬೀದಿಗೆ ಬಿದ್ದನು.

ಆ ತಾಯಿಯನ್ನು ಬಲಿ ತೆಗೆದುಕೊಂಡದ್ದು ಹಂಟಿಂಗ್ಟನ್ ರೋಗ. ಜಾರ್ಜ್ ಹಂಟಿಂಗ್ಟನ್ ಎಂಬ ತರುಣ ವೈದ್ಯರು 1872ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಇದನ್ನು ಸ್ಪಷ್ಟವಾಗಿ ವರ್ಣಿಸಿದ್ದರಿಂದ ಈ ಹೆಸರು ಬಂದಿತು. ಮಿದುಳಿನ ಒಳಭಾಗದ ನರಕೋಶಗಳು ಕ್ರಮೇಣ ನಶಿಸುತ್ತ ಹೋಗುತ್ತವೆ. ಅಂಗಾಂಗಗಳು ತಾವಾಗಿ ಕುಣಿಯುತ್ತವೆ, ಸ್ವಭಾವವು ಕೆಡುತ್ತದೆ, ವಿವೇಕವು ಮಸುಕಾಗುತ್ತದೆ, ಕೊನೆಗೆ ಮಾತನಾಡುವುದೂ ತುತ್ತು ನುಂಗುವುದೂ ಅಸಾಧ್ಯವಾಗುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಗೆ ಈ ರೋಗವಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವವು ಅರ್ಧಕ್ಕರ್ಧ. ಬಹುತೇಕ ಮೂವತ್ತರಿಂದ ಐವತ್ತರೊಳಗಿನ ಪ್ರಾಯದಲ್ಲಿ ತಲೆದೋರುವುದರಿಂದ, ರೋಗವನ್ನು ಅರಿಯುವ ಮೊದಲೇ ಮನುಷ್ಯನು ಮಕ್ಕಳ ತಂದೆಯಾಗಿರುತ್ತಾನೆ. ಇದೇ ಈ ವ್ಯಾಧಿಯ ಪರಮಕ್ರೌರ್ಯವು.

ತಮ್ಮೊಳಗೆ ಇಂಥ ಬೀಜವಿರುವುದನ್ನರಿಯದೆ ಗತ್ರಿಯವರು ಗಿಟಾರನ್ನು ಹೆಗಲಿಗೇರಿಸಿ ಹೊರಟರು. 1930ರ ದಶಕದಲ್ಲಿ ಭೀಕರವಾದ ಧೂಳಿನ ಬಿರುಗಾಳಿಗಳೂ ಅನಾವೃಷ್ಟಿಯೂ ಆ ಪ್ರಾಂತದ ರೈತರನ್ನು ಹೊಲಮನೆಗಳಿಂದ ಹೊರದೂಡಿದವು. ಕ್ಯಾಲಿಫೋರ್ನಿಯದತ್ತ ಗುಳೆ ಹೊರಟ ಆ ಜನರ ನಡುವೆ ಗತ್ರಿಯವರೂ ಒಬ್ಬರಾಗಿದ್ದರು. ಕೂಲಿಕಾರರ ಬಿಡಾರಗಳಲ್ಲಿಯೂ ರೇಡಿಯೋದಲ್ಲಿಯೂ ಅವರು ಹಾಡಿದ್ದು ಆ ನಿರ್ಗತಿಕರ ಬಾಳನ್ನೇ. 1940ರಲ್ಲಿ ನ್ಯೂಯಾರ್ಕಿನಲ್ಲಿ ರಚಿಸಿದ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ ಎಂಬ ಹಾಡು, ದೇಶದ ನೆಲವು ದೇಶದ ಜನರೆಲ್ಲರದೆಂಬುದನ್ನು ಸಾರಿ ಇಂದಿಗೂ ಅಲ್ಲಿನ ಶಾಲಾಬಾಲಕರ ನಾಲಗೆಯ ಮೇಲಿದೆ. 1941ರಲ್ಲಿ ಕೊಲಂಬಿಯಾ ನದಿಯ ಅಣೆಕಟ್ಟುಗಳ ಕುರಿತು ಒಂದೇ ತಿಂಗಳಲ್ಲಿ 26 ಹಾಡುಗಳನ್ನು ಬರೆದರು. 1943ರಲ್ಲಿ ಆತ್ಮಕಥನವು ಪ್ರಕಟವಾಯಿತು. ಮಹಾಯುದ್ಧದ ಕಾಲದಲ್ಲಿ ಸರಕುಹಡಗುಗಳಲ್ಲಿಯೂ ಸೇವೆ ಸಲ್ಲಿಸಿದರು.

ಯುದ್ಧವು ಮುಗಿದ ಕೆಲವು ವರ್ಷಗಳಲ್ಲಿ ಗತ್ರಿಯವರ ನಡೆ ತಪ್ಪತೊಡಗಿತು. ಕಂಡವರು ಮದ್ಯಪಾನದ ಫಲವೆಂದರು. 1952ರಲ್ಲಿ ವೈದ್ಯರು ರೋಗವನ್ನು ಗುರುತಿಸಿದರು. ತಾಯಿಯ ಗತಿಯೇ ಮಗನಿಗೂ ಒದಗಿತ್ತು. 1956ರಿಂದ ಆಸ್ಪತ್ರೆಯೇ ಅವರ ಮನೆಯಾಯಿತು. ಬೆರಳುಗಳು ತಂತಿಯನ್ನು ಮೀಟಲಾರದಾದವು. 1961ರಲ್ಲಿ ಅವರನ್ನು ಕಾಣಲು ಬಂದ ತರುಣರಲ್ಲಿ, ಮುಂದೆ ನೋಬೆಲ್ ಪಾರಿತೋಷಕವನ್ನು ಪಡೆದ ಬಾಬ್ ಡಿಲನ್ನರೂ ಒಬ್ಬರು. 1967ನೆಯ ಅಕ್ಟೋಬರ್ 3ರಂದು ಗತ್ರಿಯವರು 55ರ ಪ್ರಾಯದಲ್ಲಿ ಕಾಲವಾದರು. ಅವರ ಮೊದಲ ಮದುವೆಯ ಇಬ್ಬರು ಹೆಣ್ಣುಮಕ್ಕಳೂ ಮುಂದೆ ಇದೇ ರೋಗಕ್ಕೆ ತುತ್ತಾದರು.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಮುಗಿಯಗೊಡದವರು ಶ್ರೀಮತಿ ಮಾರ್ಜೋರಿ ಗತ್ರಿಯವರು. ವೃತ್ತಿಯಿಂದ ನರ್ತಕಿಯಾಗಿದ್ದ ಈಕೆ, ವಿವಾಹಬಂಧನವು ಕಡಿದ ಮೇಲೆಯೂ ರೋಗಿಯ ಶುಶ್ರೂಷೆಯನ್ನು ಬಿಟ್ಟವರಲ್ಲ. ತಮ್ಮ ಮೂವರು ಮಕ್ಕಳ ತಲೆಯ ಮೇಲೆಯೂ ಅದೇ ಕತ್ತಿ ತೂಗುತ್ತಿದ್ದಾಗ, ಈಕೆ ಅಳುತ್ತ ಕುಳಿತುಕೊಳ್ಳಲಿಲ್ಲ. 1967ರಲ್ಲಿಯೇ ಹಂಟಿಂಗ್ಟನ್ ರೋಗದ ಪ್ರತಿಭಟನೆಗಾಗಿ ಒಂದು ಸಮಿತಿಯನ್ನು ಸ್ಥಾಪಿಸಿದರು. ಮದುವೆ ತಪ್ಪೀತು, ನೌಕರಿ ಹೋದೀತು ಎಂಬ ಭಯದಿಂದ ಮನೆತನಗಳು ರೋಗವನ್ನು ಮುಚ್ಚಿಡುತ್ತಿದ್ದ ಕಾಲವದು. ಈಕೆ ಊರೂರು ಸುತ್ತಿ ಅಂಥವರನ್ನು ಒಂದುಗೂಡಿಸಿದರು. ವೈದ್ಯರ ಬಾಗಿಲನ್ನು ತಟ್ಟಿದರು. 1968ರ ಜನವರಿಯಲ್ಲಿ ಕಾರ್ನೆಗಿ ಸಭಾಗೃಹದಲ್ಲಿ ಗತ್ರಿಯವರ ಸ್ಮರಣಾರ್ಥವಾಗಿ ಗಾಯಕರೆಲ್ಲ ಕೂಡಿ ಹಾಡಿದಾಗ, ಬಂದ ಹಣವು ಈ ಕಾರ್ಯಕ್ಕೆ ಸಂದಿತು. ಅದೇ ವರ್ಷ, ಮಾಜಿ ಪತ್ನಿಗೆ ಈ ರೋಗವು ತಗಲಿದ್ದನ್ನರಿತ ಮಿಲ್ಟನ್ ವೆಕ್ಸ್ಲರ್ ಎಂಬವರೂ ಸಂಶೋಧನೆಗಾಗಿ ಹಣ ಕೂಡಿಸಲು ಮುಂದಾದರು. ಕೊನೆಗೆ ಸರಕಾರವೂ ಕಿವಿಗೊಟ್ಟು, ಶ್ರೀಮತಿ ಗತ್ರಿಯವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ರಚಿಸಿತು. 1977ರಲ್ಲಿ ಅದರ ವರದಿಯು ಹೊರಬಂದಿತು.

ಈ ಪ್ರಯತ್ನಗಳ ಫಲವೇನು? ವೆಕ್ಸ್ಲರರ ಪುತ್ರಿ ನ್ಯಾನ್ಸಿಯವರು ವೆನೆಜುವೇಲಾದ ಮರಕೈಬೋ ಸರೋವರದ ದಡದ ಹಳ್ಳಿಗಳಲ್ಲಿ, ಈ ರೋಗದಿಂದ ಪೀಡಿತವಾದ ದೊಡ್ಡ ವಂಶವೊಂದರ ರಕ್ತವನ್ನು ಸಂಗ್ರಹಿಸಿದರು. ಅದರ ಸಹಾಯದಿಂದ 1983ರಲ್ಲಿ, ರೋಗದ ಮೂಲವು ನಾಲ್ಕನೆಯ ವರ್ಣತಂತುವಿನಲ್ಲಿದೆಯೆಂಬುದು ಗೊತ್ತಾಯಿತು. ಅದೇ ವರ್ಷ ಶ್ರೀಮತಿ ಗತ್ರಿಯವರು ನಿಧನಹೊಂದಿದ್ದರು. 1993ರಲ್ಲಿ ಆ ವಂಶವಾಹಿಯೇ ಕೈಗೆ ಸಿಕ್ಕಿತು. ಅದರಲ್ಲಿ ಮೂರಕ್ಷರದ ಒಂದು ಗುಂಪು 40 ಸಲ ಅಥವಾ ಅದಕ್ಕೂ ಹೆಚ್ಚಾಗಿ ಆವರ್ತಿಸಿದ್ದರೆ, ಪೂರ್ಣಾಯುಷ್ಯವನ್ನು ಬಾಳುವವರಿಗೆ ರೋಗವು ತಪ್ಪದು. 2008ರಲ್ಲಿ ಅಂಗಚಲನೆಯನ್ನು ತಗ್ಗಿಸುವ ಔಷಧವೊಂದಕ್ಕೆ ಅಮೇರಿಕದಲ್ಲಿ ಮನ್ನಣೆ ದೊರೆಯಿತು. ಬಹಳ ಆಸೆ ಹುಟ್ಟಿಸಿದ್ದ ಮತ್ತೊಂದು ಔಷಧದ ಪ್ರಯೋಗವು 2021ರಲ್ಲಿ ನಡುವೆಯೇ ನಿಂತುಹೋಯಿತು. ರೋಗವನ್ನು ನಿರ್ಮೂಲಮಾಡುವ ಮದ್ದು ಇನ್ನೂ ದೊರೆತಿಲ್ಲ.

ಹಾಗಾದರೆ ವ್ಯಯಿಸಿದ ದ್ರವ್ಯವೂ ಶ್ರಮವೂ ವ್ಯರ್ಥವೆನ್ನೋಣವೇ? ನಾವು ಹಾಗೆನ್ನಲಾರೆವು. ಹುಚ್ಚೆಂದು ಬೀಗ ಹಾಕಿದ್ದ ಬಾಗಿಲಿನ ಹಿಂದೆ ಇಂದು ಹೆಸರುಳ್ಳ, ಮೂಲವು ತಿಳಿದ ಶತ್ರುವಿದ್ದಾನೆ. ಈ ವ್ಯಾಧಿಗೆ ದೇಶಭೇದವಿಲ್ಲ. ನಮ್ಮ ನಾಡಿನಲ್ಲಿಯೂ ಇದರಿಂದ ನರಳುವ ಮನೆತನಗಳಿವೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಅಂಥವರಿಗೆ ಚಿಕಿತ್ಸೆ ನೀಡುತ್ತಿದ್ದಾರೆ. ಕೆಲವರಿಗಷ್ಟೇ ಬರುವ ರೋಗದಲ್ಲಿ ಲಾಭವಿಲ್ಲವೆಂದು ವ್ಯಾಪಾರಿಗಳು ಹಿಂಜರಿದಲ್ಲಿ, ಸಾರ್ವಜನಿಕರ ವಂತಿಗೆಯೂ ಸರಕಾರದ ಬೊಕ್ಕಸವೂ ಮುಂದೆ ಬರಬೇಕು. ಅದಕ್ಕಿಂತಲೂ ಮೊದಲು, ರೋಗವು ಪಾಪದ ಫಲವಲ್ಲ, ಕುಲದ ಕಳಂಕವಲ್ಲ ಎಂಬುದನ್ನು ಸಮಾಜವು ಒಪ್ಪಬೇಕು. ನೆಲವು ಎಲ್ಲರದೆಂದು ಹಾಡಿದ ಮಹನೀಯರ ನೋವೂ ಎಲ್ಲರದೆಂದು ಅವರ ಪತ್ನಿಯು ತಿಳಿಯಪಡಿಸಿದರು. ಆ ಪಾಠವನ್ನು ನಮ್ಮವರೂ ಕಲಿಯಲೆಂಬುದೇ ನಮ್ಮ ಹಾರೈಕೆ.